ಬಲೆಯೊಳಗಿನ ಹಲಸಿನೆಲೆ

ದುಗ್ಗಮ್ಮ ತನ್ನ ಎರಡು ಹಸುಗಳಿಗೆ ಬಿಟ್ಟರೆ ಬೇರೆ ಯಾರಿಗೂ ಸೊಪ್ಪು ಹಾಕುವವಳಲ್ಲ. ಗಂಡ ಕೆರಿಯಪ್ಪನಿಗೂ ಇಲ್ಲ, ಪಕ್ಕದ ಮನೆಯ ಜಯಪ್ಪನಿಗಂತೂ ಇಲ್ಲವೇ ಇಲ್ಲ. ಹೊಸನಗರದ ಬಸ್ಸಿನಲ್ಲಿ ಕಂಡಕ್ಟರ್ "ಹಿಂದೆ ಹೋಗ್ರಿ" ಎಂದರೆ ಮುಂದೆ ಹೋಗಿ ನಿಲ್ಲುವ ಹೆಂಗಸು. ಅರವತ್ತು ದಾಟಿದೆ. ಕಣ್ಣು ಚುರುಕು, ಬಾಯಿ ಇನ್ನೂ ಚುರುಕು. ಸೊಂಟ ಮಾತ್ರ ಕೈಕೊಟ್ಟಿದೆ.

ಈ ಕಥೆಯಲ್ಲಿ ಸೊಂಟದ ಪಾತ್ರ ದೊಡ್ಡದು. ದುಗ್ಗಮ್ಮನ ಬೇಸಿಗೆಯ ಮುಖ್ಯ ಕೆಲಸವೆಂದರೆ ಮನೆ ಹಿಂದಿನ ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುವುದು. ಉದುರಿದ ಒಣ ಎಲೆಯೇ ದರಕು. ಅದನ್ನು ಹೆಡಿಗೆಯೆಂಬ ದೊಡ್ಡ ಬುಟ್ಟಿಗೆ ತುಂಬಿ ಹೊತ್ತು ತಂದು ಕೊಟ್ಟಿಗೆಗೆ ಹಾಸಬೇಕು. ಸಗಣಿ, ಗಂಜಲ ಸೇರಿ ಅದು ಗೊಬ್ಬರವಾಗುತ್ತದೆ, ಗೊಬ್ಬರ ಗದ್ದೆಗೆ ಹೋಗುತ್ತದೆ. ಬೆಟ್ಟ ಕೈತಪ್ಪಿದರೆ ಹಸುಗಳಿಗೆ ಹಾಸಿಗೆಯಿಲ್ಲ, ಗದ್ದೆಗೆ ಊಟವಿಲ್ಲ. ಗೇಣಿಯ ಕಾಲದಲ್ಲಿ ಅವಳ ಅತ್ತೆ ಇದೇ ಬೆಟ್ಟದಲ್ಲಿ ಒಡೆಯರ ಕೊಟ್ಟಿಗೆಗೆ ಗುಡಿಸುತ್ತಿದ್ದಳಂತೆ. ದುಗ್ಗಮ್ಮ ಗುಡಿಸುವುದು ತನ್ನ ಕೊಟ್ಟಿಗೆಗೆ. ಹಾಗಾಗಿ ಈ ಬೆಟ್ಟದ ವಿಷಯದಲ್ಲಿ ಅವಳು ಯಾರ ಮಾತನ್ನೂ ಸಲೀಸಾಗಿ ಕೇಳುವುದಿಲ್ಲ.

ಮೂರು ವರ್ಷದ ಹಿಂದೆ ಆ ಬೆಟ್ಟಕ್ಕೆ ಮೇಧಾ ಬಂದಳು. ತೀರ್ಥಹಳ್ಳಿ ಕಡೆಯ ಮೇಷ್ಟರ ಮಗಳು. ಕಾಡಿನ ಮೇಲೆ ಸಂಶೋಧನೆ ಮಾಡಲು ಸಾಗರದಲ್ಲಿ ರೂಮು ಮಾಡಿಕೊಂಡಿದ್ದಳು. ಮರಗಳ ಕೆಳಗೆ ಅಲ್ಲಲ್ಲಿ ನಾಲ್ಕು ಗೂಟ ನೆಟ್ಟು, ಸೊಂಟದೆತ್ತರಕ್ಕೆ ಬಲೆ ಬಿಗಿದಳು. ಬಿದ್ದ ಎಲೆ ಬಲೆಯಲ್ಲಿ ನಿಲ್ಲಬೇಕು. ತಿಂಗಳಿಗೊಮ್ಮೆ ಅವಳು ಬಂದು ಅದನ್ನು ಚೀಲಕ್ಕೆ ತುಂಬಿ, ಒಣಗಿಸಿ, ಮರದ ಜಾತಿವಾರು ವಿಂಗಡಿಸಿ ತೂಗಬೇಕು. ಇಂಥವೇ ಬಲೆಗಳು ಕೋಣಂದೂರಿನ ಹತ್ತಿರದ ಇನ್ನೊಂದು ಬೆಟ್ಟದಲ್ಲೂ ಇದ್ದವು.

"ಎಲೆ ತೂಗಿ ಎಂತ ಮಾಡ್ತೀರ ಮೇಧಮ್ಮ? ಮಾರ್ತೀರಾ?" ಎಂದು ಕೇಳಿದ್ದ ಕೆರಿಯಪ್ಪ.

"ಇಲ್ಲ ಕೆರಿಯಪ್ಪ. ಎಷ್ಟು ಎಲೆ ಬೀಳುತ್ತೆ, ಎಷ್ಟು ಕೊಳೀತದೆ, ಎಷ್ಟು ನೀವು ತಗೊಂಡು ಹೋಗ್ತೀರಿ, ಮಳೆ ಎಷ್ಟು, ಚಿಗುರು ಎಷ್ಟು, ಎಲ್ಲ ಒಂದರ ಮೇಲೊಂದು ನಿಂತಿರುತ್ತೆ. ಒಂದು ಬದಲಾದ್ರೆ ಉಳಿದದ್ದೂ ಬದಲಾಗುತ್ತೆ. ಹಾಗಾಗಿ ಎಲ್ಲಾನೂ ಸೇರಿಸಿ ಕಂಪ್ಯೂಟರಲ್ಲಿ ಒಂದು ಬೆಟ್ಟ ಮಾಡ್ತೀನಿ. ಮಾದರಿ ಅಂತಾರೆ. ಕಳೆದ ವರ್ಷಗಳ ಲೆಕ್ಕಕ್ಕೆ ಅದು ಸರಿಯಾಗಿ ತಾಳೆಯಾದ್ರೆ, ಮುಂದೆ ಏನಾಗಬಹುದು ಅಂತ ಅದನ್ನೇ ಕೇಳ್ಬಹುದು."

"ಗೂಟ ಮಾತ್ರ ಯಾರೂ ಮುಟ್ಟಬೇಡಿ" ಎಂದೂ ಹೇಳಿ ಹೋಗಿದ್ದಳು. ಕೆರಿಯಪ್ಪ ಮನೆಗೆ ಬಂದು ಅಷ್ಟನ್ನೇ ತಲುಪಿಸಿದ. "ದುಗ್ಗಿ, ಗೂಟ ಮುಟ್ಬ್ಯಾಡ ಅಂದ್ರು ಕಣೆ."

ದುಗ್ಗಮ್ಮ ಗೂಟ ಮುಟ್ಟಲಿಲ್ಲ.

ಈ ವರ್ಷ ಮಳೆಗಾಲಕ್ಕೆ ಮುಂಚೆ ಶಾಲೆಯ ಜಗಲಿಯಲ್ಲಿ ಬೆಟ್ಟದ ಸಮಿತಿ ಸಭೆ ಸೇರಿತು. ಅಧ್ಯಕ್ಷರು ಊರಿನ ನಿವೃತ್ತ ಮೇಷ್ಟರು ಶೇಷಪ್ಪ. ಮೇಧಾ ಬಲೆಗೆ ಬಿದ್ದ ಎಲೆಯ ತೂಕದ ಎರಡು ಗೆರೆಗಳನ್ನು ಗೋಡೆಯ ಮೇಲೆ ತೋರಿಸಿದಳು. ಕೋಣಂದೂರು ಕಡೆಯ ಗೆರೆ ಪ್ರತಿ ಬೇಸಿಗೆಯಲ್ಲೂ ಗೋಪುರದಂತೆ ಏರಿ ಇಳಿಯುತ್ತಿತ್ತು. ಈ ಬೆಟ್ಟದ್ದು ಮಳೆಗಾಲದಲ್ಲಿ ಅದರ ಪಕ್ಕವೇ ನಡೆದು, ಬೇಸಿಗೆ ಬಂದ ಕೂಡಲೇ ಮಲಗಿಬಿಡುತ್ತಿತ್ತು. ವರ್ಷದಿಂದ ವರ್ಷಕ್ಕೆ ಇನ್ನಷ್ಟು ಕೆಳಗೆ.

"ಎಲೆ ಬೀಳೋದೇ ಕಡಿಮೆ ಆಗಿದೆ ಅನ್ಸುತ್ತೆ. ಹೀಗೇ ಮುಂದುವರಿದ್ರೆ ಮಣ್ಣು ಸೊರಗುತ್ತೆ ಅಂತ ಮಾದರಿ ಹೇಳ್ತಿದೆ" ಎಂದಳು ಮೇಧಾ. "ಆದ್ರೆ ನಂಗೊಂದು ಅನುಮಾನ ಉಳಿದಿದೆ. ಇಲ್ಲಿನ ಬಲೆಗಳಲ್ಲಿ ಬೇಸಿಗೆ ತುಂಬ ಹಲಸಿನೆಲೆ ಸಿಕ್ಕಿದೆ. ಈ ಬೆಟ್ಟದಲ್ಲಿ ಹಲಸಿನ ಮರಾನೇ ಇಲ್ಲ. ಊರೊಳಗಿಂದ ಗಾಳಿಗೆ ಅಷ್ಟು ದೂರ ಬರಲ್ಲ. ಮಂಗ ತಂದಿರಬಹುದಾ ಅಂತ ನೋಡ್ತಿದೀನಿ."

"ಮಂಗಂದು ಆಮೇಲೆ ನೋಡಾಣ" ಎಂದರು ಶೇಷಪ್ಪ. "ಮಣ್ಣು ಸೊರಗೋದು ದೊಡ್ಡ ವಿಷ್ಯ. ಐದು ವರ್ಷ ಬೆಟ್ಟಕ್ಕೆ ಬೇಲಿ ಹಾಕಣ. ಯಾರೂ ದರಕು ಗುಡಿಸೋದು ಬ್ಯಾಡ. ಎಲ್ಲರೂ ಒಪ್ಪಿದ್ರಾ?"

ದುಗ್ಗಮ್ಮ ಲೆಕ್ಕ ಹಾಕಿದಳು. ಐದು ವರ್ಷ ಹಾಸಿಗೆಯಿಲ್ಲದೆ ಹಸು ಸಾಕಲಾಗುವುದಿಲ್ಲ. ಮಾರಬೇಕು.

ಜಯಪ್ಪ ಎದ್ದು ನಿಂತ. "ನಾನು ಒಪ್ಪಿದೆ. ನನ್ನ ಮೇಲಿನ ಅಪವಾದಾನಾದ್ರೂ ತಪ್ಪಲಿ. ಬೆಟ್ಟದಲ್ಲಿ ದರಕು ಕಮ್ಮಿ ಅಂದ್ರೆ ಜಯಪ್ಪ ಕದ್ದ ಅಂತ ದುಗ್ಗಕ್ಕ ಊರೆಲ್ಲ ಸಾರಿಕೊಂಡು ಬಂದಾಳೆ. ಈಗ ಗೊತ್ತಾತಲ್ಲ, ಮಂಗ ಅಂತೆ!"

ಎಲ್ಲರೂ ನಕ್ಕರು. ದುಗ್ಗಮ್ಮ ಮಾತ್ರ ಸೆರಗಿನ ತುದಿ ತಿರುವುತ್ತ ಕೂತಿದ್ದಳು. ಗೋಡೆಯ ಮೇಲಿನ ಮಲಗಿದ ಗೆರೆಯನ್ನೂ, ನಿಂತೇ ಇದ್ದ ಜಯಪ್ಪನನ್ನೂ ಒಂದೊಂದು ಸಲ ನೋಡಿದಳು. ಬಾಯಿ ಬಿಟ್ಟರೆ ಜಯಪ್ಪನ ಎದುರು ಮಾನ ಹೋಗುತ್ತದೆ, ಬಿಡದಿದ್ದರೆ ಬೆಟ್ಟ.

"ಮಂಗ ಅಲ್ಲ" ಎಂದಳು ಕೊನೆಗೆ. "ನಾನು."

ಮೇಧಾ ಅವಳತ್ತ ತಿರುಗಿದಳು.

"ನೀವಾ? ಎಂತಕ್ಕೆ ದುಗ್ಗಮ್ಮ?"

"ಸೊಂಟ ಬಗ್ಗಲ್ಲ ಮೇಧಮ್ಮ. ಬಲೆ ಸಮಾ ಎತ್ತರದಾಗೆ ಇತ್ತು. ಸೊಂಟನೋವಿನ ಹೆಂಗಸ್ರಿಗೆ ಯಾರೋ ಪುಣ್ಯಾತ್ಮರು ಅನುಕೂಲ ಮಾಡ್ಕೊಟ್ಟಾರೆ ಅಂತಾನೇ ನಾ ತಿಳ್ಕಂಡಿದ್ದು. ಹೆಡಿಗೆ ಹಿಡಿದು ಕೊಡವೋದು, ತಗಂಡ್ ಬರೋದು. ಗೂಟ ಮುಟ್ಲಿಲ್ಲ, ದೇವ್ರಾಣೆ."

"ಮತ್ತೆ ಹಲಸಿನೆಲೆ?"

ಈ ಪ್ರಶ್ನೆ ದುಗ್ಗಮ್ಮನಿಗೆ ಅರ್ಥವೇ ಆಗಲಿಲ್ಲ. ನೆರೆಮನೆಯಿಂದ ಸಾರು ಬಂದ ಪಾತ್ರೆಯನ್ನು ಖಾಲಿ ಕಳಿಸುವ ಹೆಂಗಸು ಈ ಸೀಮೆಯಲ್ಲಿಲ್ಲ. ಏನೂ ಇಲ್ಲದಿದ್ದರೆ ಒಂದು ನಿಂಬೆಹಣ್ಣು, ಅದೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆ ಹಾಕಿಯೇ ಕೊಡಬೇಕು.

"ಅಷ್ಟು ತಗಂಡು ಖಾಲಿ ಬಿಟ್ಟು ಬರಕ್ಕಾಗ್ತದಾ? ಅಂಗಳದ ಹಲಸಿನ ಮರದಡಿ ಬಿದ್ದಿದ್ದು ಒಂದು ಹಿಡಿ ಹಾಕಿ ಬರ್ತಿದ್ದೆ."

ಮೇಧಾ ಕುರ್ಚಿಯಲ್ಲಿ ಕುಸಿದು ಕೂತಳು. ಅಲ್ಲಿಂದಲೇ ಕೇಳಿದಳು: "ಮೊದಲ ವರ್ಷ ಎಲ್ಲ ಬಲೇನೂ ಕೊಡವಿದ್ರಾ?"

"ಇಲ್ಲಪ್ಪ. ಆಗ ಇನ್ನೂ ಬಗ್ತಿದ್ದೆ. ಮನೆ ಹತ್ರದ್ದು ಅಷ್ಟೇ. ಹೋದ ವರ್ಷ ನೋವು ಜಾಸ್ತಿ ಆತು, ಮೇಲಿನವೂ ಮಾಡ್ದೆ. ಈ ವರ್ಷ ಬಗ್ಗಕ್ಕೇ ಹೋಗ್ಲಿಲ್ಲ."

ಮೇಧಾ ಗೋಡೆಯ ಕಡೆ ತಿರುಗಿದಳು. "ಹಾಗಾದ್ರೆ ಈ ಇಳೀತಿರೋ ಗೆರೆ ಬೆಟ್ಟದ್ದಲ್ಲ. ದುಗ್ಗಮ್ಮನ ಸೊಂಟದ್ದು."

ಈ ಬಾರಿ ಜೋರಾಗಿ ನಕ್ಕವನು ಕೆರಿಯಪ್ಪ. ದುಗ್ಗಮ್ಮ ಅವನನ್ನು ನೋಡಿದ ರೀತಿಗೆ ನಗು ಅರ್ಧಕ್ಕೇ ನಿಂತಿತು. ಜಯಪ್ಪ ಏನೋ ಹೇಳಲು ಬಾಯಿ ತೆರೆದ. ಅವಳೇ ಮೊದಲು ಹೇಳಿದಳು. "ಜಯಪ್ಪ, ನಿನ್ನ ಸುಮ್ಮನೆ ಬೈದೆ. ತಪ್ಪಾತು. ಒಂದು ಸಲ ಹೇಳ್ತೀನಿ, ಮತ್ತೆ ಕೇಳ್ಬ್ಯಾಡ."

"ಒಂದು ಸಲಾನೇ ಸಾಕು ದುಗ್ಗಕ್ಕ, ನಂಗೆ ತಡಕಳ್ಳಕ್ಕಾಗ್ತಿಲ್ಲ" ಎಂದು ಜಯಪ್ಪ ಕೂತುಕೊಂಡ.

ಮೇಧಾಳಿಗೆ ಅದು ನಗುವ ಸಂಗತಿಯಾಗಿರಲಿಲ್ಲ. ಈ ಬೆಟ್ಟದ ಮೂರು ಬೇಸಿಗೆಯ ತೂಕವೆಲ್ಲ ಬಿಸಾಡಬೇಕಿತ್ತು. ಮಾದರಿಯಲ್ಲಿ ಜನ ನೆಲದಿಂದ ಗುಡಿಸುವ ದರಕಿಗೆ ಜಾಗವಿತ್ತು. ಅಳೆಯುವ ಬಲೆಯಿಂದಲೇ ಎತ್ತುವವರಿಗೆ ಇರಲಿಲ್ಲ. "ತಪ್ಪು ನಂದೂ ಇದೆ" ಎಂದಳು. "ಗೂಟದ ಬಗ್ಗೆ ಹೇಳ್ದೆ, ಬಲೆ ಎಂತಕ್ಕೆ ಅಂತ ನಿಮ್ಗೆ ಹೇಳ್ಲೇ ಇಲ್ಲ. ಸರ್, ಈ ಲೆಕ್ಕ ನಂಬಿ ಬೇಲಿ ಹಾಕೋ ಹಾಗಿಲ್ಲ. ಬೆಟ್ಟ ಸೊರಗಿದೆಯೋ ಇಲ್ವೋ ಈಗ ನಂಗೂ ಗೊತ್ತಿಲ್ಲ. ಮತ್ತೆ ಅಳೀಬೇಕು."

ಶೇಷಪ್ಪ ಬೇಲಿಯನ್ನು ಮುಂದೂಡಿದರು, ಒಂದು ಷರತ್ತಿನ ಮೇಲೆ. ದುಗ್ಗಮ್ಮ ಬಲೆ ಮುಟ್ಟಬಾರದು. ನೆಲದಿಂದಲೇ ಗುಡಿಸಬೇಕು, ಪ್ರತಿ ಹೆಡಿಗೆಯನ್ನೂ ಮೇಧಾಳ ತಕ್ಕಡಿಯಲ್ಲಿ ತೂಗಿಸಬೇಕು. ಮೇಧಾ ಉದ್ದ ಹಿಡಿಯ ಪೊರಕೆಯೊಂದನ್ನು ಸಾಗರದಿಂದ ತಂದುಕೊಟ್ಟಳು. ಹೀಗೆ ಊರಿನಲ್ಲಿ ಯಾರಿಗೂ ಮಾದರಿಯಾಗದ ದುಗ್ಗಮ್ಮ ಬೆಟ್ಟದ ಮಾದರಿಯೊಳಗೆ ಸೇರಿದಳು. ಮಳೆ, ಚಿಗುರು, ಗೆದ್ದಲಿನ ಸಾಲಿನಲ್ಲಿ ಅವಳಿಗೂ ಒಂದು ಜಾಗ.

ಮುಂದಿನ ಬೇಸಿಗೆಯ ಮೊದಲ ತೂಕದ ದಿನ ಮೇಧಾ ಬಲೆಯ ಎಲೆಯನ್ನೆಲ್ಲ ಚೀಲಕ್ಕೆ ಸುರಿದು ಹೊರಟಳು. ಬಲೆ ತುಂಬಿತ್ತು, ಗೋಪುರ ಏಳುವ ಲಕ್ಷಣವಿತ್ತು. ದುಗ್ಗಮ್ಮ ಪಕ್ಕದಲ್ಲೇ ಚಡಪಡಿಸುತ್ತ ನಿಂತಿದ್ದಳು.

"ಖಾಲಿ ಬಿಟ್ಟು ಹೋಗ್ತೀರಲ್ಲ ಮಾರಾಯ್ತಿ."

"ಖಾಲಿನೇ ಇರ್ಬೇಕು ದುಗ್ಗಮ್ಮ. ಕೈಯಲ್ಲಿ ಎಂತ ಅದು?"

ದುಗ್ಗಮ್ಮ ಮುಷ್ಟಿ ಬಿಚ್ಚಿದಳು. ಹಲಸಿನೆಲೆ. ಬಲೆಯ ಕಡೆ ಒಮ್ಮೆ, ಮೇಧಾಳ ಕಡೆ ಒಮ್ಮೆ ನೋಡಿ, ಅದನ್ನು ಆಗಷ್ಟೇ ತೂಗಿಟ್ಟಿದ್ದ ತನ್ನ ಹೆಡಿಗೆಗೇ ಹಾಕಿಕೊಂಡಳು.

ಮೇಧಾ ನಿಟ್ಟುಸಿರು ಬಿಟ್ಟು ಹೆಡಿಗೆಯನ್ನು ಮತ್ತೆ ತಕ್ಕಡಿಗೆ ಎತ್ತಿಟ್ಟಳು.