ತಂಡೇಲನಿಗೆ ಸುಳ್ಳು ಹೇಳಬಾರದು

ನಮ್ಮಲ್ಲಿ ಕಣ್ಣು ಹಳದಿಯಾದರೆ ಯಾರೂ ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ಕಾಮಾಲೆಗೆ ಇಂಗ್ಲಿಷ್ ಮದ್ದಿಲ್ಲ ಎಂದು ಕಾಪುವಿನ ಕಡಲಕರೆಯಲ್ಲಿ ಸಣ್ಣ ಮಕ್ಕಳೂ ಹೇಳಿಯಾರು. ಯಜಮಾನರ ಕಣ್ಣು ಹಳದಿಯಾದಾಗ ನಾನೂ ಮೀನಿನ ಬುಟ್ಟಿಯನ್ನು ನೆರೆಯವಳಿಗೆ ಒಪ್ಪಿಸಿ, ಅವರನ್ನು ಬಸ್ಸು ಹತ್ತಿಸಿಕೊಂಡು ಕಾರ್ಕಳದ ಆಚೆ ಬೇರಿನ ಮದ್ದು ಕೊಡುವ ಮುದುಕರ ಮನೆಗೆ ಹೋದೆ. ಹಾಲಿನಲ್ಲಿ ಅರೆದ ಮದ್ದು, ಉಪ್ಪಿಲ್ಲದ ಗಂಜಿ. ಎಣ್ಣೆ ಇಲ್ಲ, ಮೀನು ಇಲ್ಲ. ಆರು ವಾರ ಹಾಗೆಯೇ ನಡೆಸಿದೆ. ಹಳದಿ ಇಳಿಯಲಿಲ್ಲ, ಏರಿತು. ಮೈಯೆಲ್ಲ ತುರಿಕೆ. ಕೆರೆದು ಕೆರೆದು ಬೆನ್ನಿನಲ್ಲಿ ರಕ್ತ ಬರುತ್ತಿತ್ತು. ಮೂರನೆಯ ಸಲ ಹೋದಾಗ ಆ ಮುದುಕರೇ ಕೈ ಮುಗಿದರು.

"ಇದು ನನ್ನ ಮದ್ದಿಗೆ ಬಗ್ಗುವ ಕಾಮಾಲೆ ಅಲ್ಲ ತಂಗಿ. ನೀವು ಮಣಿಪಾಲಕ್ಕೆ ಹೋಗಿ."

ಆರು ವಾರ ಕಳೆದದ್ದು ನನ್ನ ತಪ್ಪು. ಅದನ್ನು ಮೊದಲೇ ಬರೆದುಬಿಡುತ್ತೇನೆ.

ಮಣಿಪಾಲದಲ್ಲಿ ಸ್ಕ್ಯಾನ್ ಆದ ಮೇಲೆ ಡಾಕ್ಟರು ದೊಡ್ಡ ಮಗನನ್ನು ಮಾತ್ರ ಒಳಗೆ ಕರೆದರು. ಅವನು ಹೊರಗೆ ಬಂದು ನನ್ನನ್ನು ಮೆಟ್ಟಿಲಿನ ಹತ್ತಿರ ಕರೆದುಕೊಂಡು ಹೋದ.

"ಅಮ್ಮ, ಅದು ಕ್ಯಾನ್ಸರ್. ಹೊಟ್ಟೆಯ ಹಿಂದೆ ಒಂದು ಗ್ರಂಥಿ ಉಂಟಂತೆ, ಅಲ್ಲಿ. ಆಪರೇಷನ್ ಆಗುವುದಿಲ್ಲಂತೆ. ಅಪ್ಪನಿಗೆ ಹೇಳುವುದು ಬೇಡ. ಕಾಮಾಲೆ ಜೋರಾಗಿದೆ ಅಂತ ಹೇಳಿ ಇಂಜೆಕ್ಷನ್ ಶುರು ಮಾಡಿಸುವ."

ನಾನು ಸೀದಾ ಡಾಕ್ಟರ ಕೋಣೆಗೆ ಹೋದೆ. ಹುಬ್ಬಳ್ಳಿ ಕಡೆಯ ಹುಡುಗಿ, ನನ್ನ ಮಗಳ ಪ್ರಾಯ. ಕುರ್ಚಿ ತೋರಿಸಿದಳು. ಕೂತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆದರೆ ಬಾಯಿ ಕಟ್ಟಿಕೊಂಡು ಮೀನು ಮಾರಿದವಳಲ್ಲ.

"ಕೊಯ್ದು ತೆಗೆಯಲಿಕ್ಕೆ ಎಂತಕ್ಕೆ ಆಗುವುದಿಲ್ಲ?"

"ಗಡ್ಡೆ ದೊಡ್ಡ ರಕ್ತನಾಳಕ್ಕ ಸುತ್ತಕೊಂಡೈತ್ರಿ ಅಮ್ಮ. ಕತ್ತರಿಸಾಕ ಹೋದ್ರ ಟೇಬಲ್ ಮ್ಯಾಲೇ ಹೋಗಿಬಿಡ್ತಾರ."

"ಆರು ವಾರ ಮೊದಲು ಬಂದಿದ್ದರೆ?"

"ಹೇಳಾಕ ಬರಂಗಿಲ್ರಿ. ಇದು ಭಾಳ ದಿನದಿಂದ ಒಳಗ ಕುಂತೈತಿ."

ಸಮಾಧಾನಕ್ಕೆ ಸುಳ್ಳು ಹೇಳಲಿಲ್ಲ. ಆಗಲೇ ಅವಳ ಮೇಲೆ ನಂಬಿಕೆ ಬಂತು. ಒಂದೊಂದೇ ಕೇಳಿದೆ. ಬಾಯಿಯಿಂದ ಕೊಳವೆ ಇಳಿಸಿ, ಕಟ್ಟಿಹೋದ ಪಿತ್ತದ ದಾರಿಯಲ್ಲಿ ಸಣ್ಣ ನಳಿಗೆ ಕೂರಿಸಬಹುದು. ಹಳದಿ ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ರೋಗ ಹೋಗುವುದಿಲ್ಲ. ಆ ನಳಿಗೆ ಮತ್ತೆ ಕಟ್ಟಬಹುದು. ಚಳಿ ಜ್ವರ ಬಂದರೆ ಅದೇ ದಿನ ಓಡಿ ಬರಬೇಕು. ಇಂಜೆಕ್ಷನ್ ವಾರಕ್ಕೊಂದು. ಕೆಲವರಿಗೆ ಕೆಲವು ತಿಂಗಳು ಹೆಚ್ಚು ಸಿಗಬಹುದು, ಕೆಲವರಿಗೆ ಬರೀ ವಾಂತಿ, ಸುಸ್ತು. ನೋವಿಗೆ ಮಾರ್ಫಿನ್ ಉಂಟು. ಅದರಲ್ಲೂ ತಡೆಯದಿದ್ದರೆ ಬೆನ್ನಿನ ನರಕ್ಕೆ ಸೂಜಿ ಹಾಕುವುದುಂಟು.

"ಎಷ್ಟು ಸಮಯ?"

"ವರ್ಷದ ಲೆಕ್ಕ ಅಲ್ರಿ. ತಿಂಗಳಿನ ಲೆಕ್ಕ."

ಹೊರಗೆ ಬಂದು ಮಗನಿಗೆ ಹೇಳಿದೆ, ಅಪ್ಪನಿಗೆ ನಾನೇ ಹೇಳುತ್ತೇನೆ ಎಂದು. ಅವನು ಎಲ್ಲರೆದುರು ಕೂಗಾಡಿದ.

"ನಿನಗೆ ಕರುಳು ಉಂಟಾ ಅಮ್ಮ? ಧೈರ್ಯ ಕಳೆದುಕೊಂಡು ನಾಳೆಯೇ ಹೋಗಿಬಿಡ್ತಾರೆ!"

"ನಿನ್ನಪ್ಪ ಎಂತ ಕೆಲಸ ಮಾಡುವುದು?"

ಅವನಪ್ಪ ಕೈರಂಪಣಿಯ ತಂಡೇಲ. ಐವತ್ತು ಜನ ದಡದಲ್ಲಿ ನಿಂತು ಎಳೆಯುವ ಬಲೆ ಅದು. ದೋಣಿ ಇಳಿಸಬೇಕೋ ಬೇಡವೋ ಎಂದು ಹೇಳುವವನು ತಂಡೇಲ ಒಬ್ಬನೇ. ಅವನ ಸ್ವಂತ ಮಾವನೂ ಎದುರು ಮಾತಾಡುವಂತಿಲ್ಲ. ಅದಕ್ಕೆ ಸರಿಯಾಗಿ ಇನ್ನೊಂದು ಕಟ್ಟುಪಾಡು ಉಂಟು. ನೀರು ನೋಡಿಬರಲು ಹೋದವನು ಕಂಡದ್ದನ್ನೇ ಹೇಳಬೇಕು. ತಂಡೇಲನ ಮುಖ ನೋಡಿ ಚಂದ ಮಾಡಿ ಹೇಳಿದವನನ್ನು ಮತ್ತೆ ದೋಣಿಗೆ ಹತ್ತಿಸುವುದಿಲ್ಲ. ಮಗ ಹತ್ತು ವರ್ಷ ಆ ಬಲೆ ಎಳೆದವನು. ಅವನಿಗೆ ನಾನು ಇದನ್ನೆಲ್ಲ ಬಿಡಿಸಿ ಹೇಳಬೇಕಾಗಲಿಲ್ಲ.

ವಾರ್ಡಿನಲ್ಲಿ ಹಾಸಿಗೆಯ ಬದಿಯಲ್ಲಿ ಕೂತು ತುಳುವಿನಲ್ಲಿ ಎಲ್ಲ ಹೇಳಿದೆ. ಕ್ಯಾನ್ಸರ್ ಎಂಬ ಶಬ್ದವನ್ನೂ ಬಿಡಲಿಲ್ಲ. ಅವರು ಫ್ಯಾನ್ ನೋಡುತ್ತಾ ಮಲಗಿದ್ದರು.

"ಎಲ್ಲ ಕೇಳಿಕೊಂಡು ಬಂದಿದ್ದೀಯಾ?"

"ಕೇಳಿದ್ದೇನೆ."

"ಡಾಕ್ಟರಿಗೆ ಬೆವರು ಬಂದಿರಬೇಕು."

"ಬಂದರೆ ಬರಲಿ. ನಿಮಗೆ ಎಂತ ಬೇಕು, ಅದು ಹೇಳಿ."

"ನಳಿಗೆ ಹಾಕಲಿ. ಈ ತುರಿಕೆ ಸಾಕು ಮಾರಾಯ್ತಿ. ಇಂಜೆಕ್ಷನ್ ಒಂದು ತಿಂಗಳು ನೋಡುವ. ಮಳೆಗಾಲ ಮುಗಿದು ಬಲೆ ಇಳಿಸುವಾಗ ನನಗೆ ಕಡಲಕರೆಯಲ್ಲಿ ಕೂತುಕೊಳ್ಳಲಿಕ್ಕೆ ಆಗಬೇಕು. ಆಗದ ಹಾಗೆ ಮಾಡುವ ಮದ್ದು ಬೇಡ."

ನಳಿಗೆ ಹಾಕಿದರು. ವಾರದಲ್ಲಿ ತುರಿಕೆ ನಿಂತಿತು. ಎರಡು ವಾರಕ್ಕೆ ಕಣ್ಣು ಬಿಳಿಯಾಯಿತು. ಮನೆಗೆ ಬಂದು ಬಂಗುಡೆ ಸಾರು ಕೇಳಿದರು. ಇಂಜೆಕ್ಷನ್ ಮಾತ್ರ ಹಿಡಿಸಲಿಲ್ಲ. ಮೂರನೆಯದು ಆದ ಮೇಲೆ ಬಚ್ಚಲಿಗೆ ನಡೆಯಲೂ ಆಗಲಿಲ್ಲ. ತಿಂಗಳು ತುಂಬಿದಾಗ ಅವರೇ ಡಾಕ್ಟರಿಗೆ ಹೇಳಿದರು, "ಇನ್ನು ಸಾಕಮ್ಮ, ನಿಮ್ಮ ಮೇಲೆ ಸಿಟ್ಟಿಲ್ಲ." ಅವಳು ಒತ್ತಾಯ ಮಾಡಲಿಲ್ಲ. ಮಾರ್ಫಿನ್ ಕೊಡುವುದು ಹೇಗೆಂದು ನನ್ನನ್ನು ಕೂರಿಸಿ ಕಲಿಸಿದಳು. ನೋವು ಬಂದ ಮೇಲೆ ಕೊಡುವುದಲ್ಲ, ಬರುವ ಮೊದಲೇ, ಗಂಟೆಗೆ ಸರಿಯಾಗಿ. ಜೊತೆಗೆ ಹೊಟ್ಟೆ ಕಟ್ಟದ ಹಾಗೆ ಇನ್ನೊಂದು ಮದ್ದು. ಒಂದು ಹೊತ್ತೂ ನಾನು ತಪ್ಪಿಸಲಿಲ್ಲ. ನಾದಿನಿ ಬಂದು ಅದು ಅಫೀಮು, ಅಭ್ಯಾಸ ಆಗಿಬಿಡುತ್ತದೆ ಎಂದಳು.

"ಅಭ್ಯಾಸ ಆಗಲಿ. ನಿನ್ನಣ್ಣನಿಗೆ ಇನ್ನು ಹೆಣ್ಣು ನೋಡಲಿಕ್ಕೆ ಉಂಟಾ?" ಎಂದೆ. ಒಳಗೆ ಮಲಗಿದ್ದವರು ನಕ್ಕದ್ದು ಹೊರಗೆ ಕೇಳಿಸಿತು.

ಒಮ್ಮೆ ಚಳಿ ಜ್ವರ ಬಂತು. ಈ ಸಲ ಯಾರ ಬೇರನ್ನೂ ಅರೆಯಲಿಲ್ಲ. ಅದೇ ಮಧ್ಯಾಹ್ನ ಮಣಿಪಾಲ ಮುಟ್ಟಿಸಿದೆ, ನಳಿಗೆ ಬದಲಿಸಿದರು.

ಮಳೆ ಬಿಟ್ಟ ಮೇಲೆ ಅವರು ಕರೆಗೆ ಹೋದರು. ಒಂದಲ್ಲ, ಹದಿನೇಳು ದಿನ. ಮರಳಿನ ಮೇಲೆ ಪ್ಲಾಸ್ಟಿಕ್ ಕುರ್ಚಿ, ತಲೆಗೆ ಸುತ್ತಿದ ಬೈರಾಸು. ಪ್ಯಾಂಟೂ ಶರ್ಟೂ ನೇತುಹಾಕಿದ ಕೋಲಿನ ಹಾಗೆ ಆಗಿದ್ದರು. ಆದರೆ ಕೈ ಎತ್ತಿದರೆ ದೋಣಿ ಇಳಿಯುತ್ತಿತ್ತು. ಮಗನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ನೀರಿನ ಬಣ್ಣ ಎಂತ ಹೇಳುತ್ತದೆ, ಹಕ್ಕಿ ಎಲ್ಲಿ ಕೂತಿದೆ ಎಂದು ಬೈದು ಬೈದು ಕಲಿಸಿದರು. ಆ ಹದಿನೇಳು ದಿನದಲ್ಲಿ ನನಗೆ ಇದ್ದ ಗರ್ವ ಮದುವೆಯ ದಿನವೂ ಇರಲಿಲ್ಲ.

ಆಮೇಲೆ ಎದ್ದು ಕೂರಲು ಆಗಲಿಲ್ಲ. ಊಟ ನಿಂತಿತು. ಒಂದು ಬೆಳಿಗ್ಗೆ ನಾದಿನಿಯ ಮನೆಯವರು ಕಾರು ತಂದು ಅಂಗಳದಲ್ಲಿ ನಿಲ್ಲಿಸಿದರು. ಆಸ್ಪತ್ರೆಗೆ ಸೇರಿಸುವ, ಡ್ರಿಪ್ ಹಾಕಿಸುವ, ಹೀಗೆ ಮನೆಯಲ್ಲಿ ಬಿಟ್ಟರೆ ಊರವರು ಎಂತ ಹೇಳಿಯಾರು ಎಂದು ಗಲಾಟೆ. ನಾನು ಬಾಯಿ ತೆರೆಯುವ ಮೊದಲೇ ಮಗ ಹೊಸ್ತಿಲಲ್ಲಿ ಅಡ್ಡ ನಿಂತ.

"ಅಪ್ಪನಲ್ಲಿ ನಿನ್ನೆ ಕೇಳಿದ್ದೇನೆ. ಬೇಡ ಹೇಳಿದ್ದಾರೆ. ಕಾರು ತಿರುಗಿಸಿ ಮಾವ."

ದನಿ ಏರಿಸಲಿಲ್ಲ. ಕಾರು ತಿರುಗಿತು. ಎರಡು ದಿನ ಬಿಟ್ಟು, ನಾನು ಹತ್ತು ಗಂಟೆಯ ಮದ್ದು ಕೊಟ್ಟ ಮೇಲೆ, ಅವರು ನರಳದೆ ತಮ್ಮ ಚಾಪೆಯಲ್ಲೇ ಹೋದರು.