ನಾರ್ವೆಯ ಬಾವಿಗೆ ಬಂದ ಹಸಿರು ಬಣ್ಣ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ರಸಾಯನಶಾಸ್ತ್ರವನ್ನು ಬೋಧಿಸಿದವರು ಅನೇಕರಿದ್ದಾರೆ. ಆದರೆ ಆ ಶಾಸ್ತ್ರವನ್ನು ಪ್ರಯೋಗಶಾಲೆಯಿಂದ ಎಬ್ಬಿಸಿಕೊಂಡು ಹೋಗಿ, ಜನ ಕುಡಿಯುವ ನೀರಿನ ಮುಂದೆ ಸಾಕ್ಷಿಗೆ ನಿಲ್ಲಿಸಿದವರು, ನನಗೆ ತಿಳಿದಂತೆ, ಶ್ರೀಮತಿ ತ್ರಿಪುರಸುಂದರಿಯವರೊಬ್ಬರೇ. ಕೊಪ್ಪದ ಕಾಲೇಜಿನಲ್ಲಿ ಸುದೀರ್ಘ ಸೇವೆ ಮುಗಿಸಿ ಈ ೨೦೦೮ರ ಮೇ ತಿಂಗಳಲ್ಲಿ ಅವರು ನಿವೃತ್ತರಾಗುತ್ತಿರುವಾಗ, ಅದೇ ಕಾಲೇಜಿನಲ್ಲಿ ಕನ್ನಡ ಹೇಳಿಕೊಂಡು ಅವರ ಪಕ್ಕದ ಕುರ್ಚಿಯಲ್ಲಿ ಕೂತ ನಾನು ಅಭಿನಂದನ ಸಂಚಿಕೆಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕಂತೆ. ಸೌಮ್ಯವಾಗಿ ಬರೆಯಿರಿ ಎಂದು ಸಂಪಾದಕರು ಎರಡೆರಡು ಸಲ ಫೋನ್ ಮಾಡಿದರು. ಸೌಮ್ಯ ನನಗೆ ಒಗ್ಗದೆಂದು ಊರಿಗೇ ಗೊತ್ತು.

ಬೇಗಾರಿನಲ್ಲಿ ಹುಟ್ಟಿದ ಮೇಡಂ ನಮ್ಮ ಕಾಲೇಜಿಗೆ ಬಂದದ್ದು ಎಪ್ಪತ್ತರ ದಶಕದ ನಡುವೆ. ಬಸ್ಸು ತಪ್ಪಿಸಿಕೊಂಡ ಹುಡುಗಿಯರಿಗೆ ಬಾಳಗಡಿಯ ಅವರ ಮನೆಯೇ ಹಾಸ್ಟೆಲ್ಲು. ನಾನು ಕಾಮಾಲೆ ಹಿಡಿದು ಮಲಗಿದ ವರ್ಷ ನನ್ನ ಹಳಗನ್ನಡದ ತರಗತಿಗೂ ಹೋಗಿ ಕೂತು, ಹುಡುಗರ ಕೈಯಲ್ಲಿ ಪದ್ಯ ಓದಿಸಿದ ಪುಣ್ಯಾತ್ಮರು ಅವರು. ನೋಡಲು ಬಂದವರೆಲ್ಲ ಕಿತ್ತಳೆ ತಂದರು. ಇವರು ಹಿತ್ತಲಿಗೆ ಹೋಗಿ ನಮ್ಮ ಬಾವಿಯನ್ನೂ ಅದರ ಮೇಲುಭಾಗದಲ್ಲಿದ್ದ ಪಾಯಿಖಾನೆ ಗುಂಡಿಯನ್ನೂ ನೋಡಿ ಬಂದು, ನನ್ನ ಹೆಂಡತಿಯ ಎದುರಿಗೇ ನನಗೆ ಸರಿಯಾಗಿ ಬೈದರು. ಆ ಬೈಗುಳದ ಉಪಕಾರವನ್ನು ನಾನು ಮರೆತಿಲ್ಲ.

ಅಲ್ಲಿಂದ ಮುಂದೆ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಯ ಬಾವಿ ನೀರನ್ನು ಬಾಟಲಿಯಲ್ಲಿ ತರುವುದು ಅವರ ಪ್ರಯೋಗಶಾಲೆಯ ಪದ್ಧತಿಯಾಯಿತು. ಮಳೆ ಹೊಯ್ದಾಗ ಗದ್ದೆಯ ಗೊಬ್ಬರ, ತೋಟಕ್ಕೆ ಹೊಡೆದ ಮೈಲುತುತ್ತ, ಕೊಟ್ಟಿಗೆಯ ಗಂಜಲ ಎಲ್ಲವೂ ಹಳ್ಳಕ್ಕೆ ಇಳಿಯುವುದನ್ನು ಕಣ್ಣಿದ್ದವರು ನೋಡಬಹುದು. ನೆಲಕ್ಕೆ ಇಂಗಿದ ನೀರೂ ಹಾಗೆಯೇ ಇಳಿಜಾರು ಹಿಡಿದು, ಸಿಕ್ಕಿದ್ದನ್ನು ಹೊತ್ತುಕೊಂಡು ನಡೆಯುತ್ತಲೇ ಇರುತ್ತದೆ, ಕಾಣುವುದಿಲ್ಲ ಅಷ್ಟೆ ಎಂದು ಅವರು ಪ್ರತಿ ವರ್ಷ ಹೇಳುತ್ತಿದ್ದರು. ನಾವು ಪಕ್ಕದ ಕೋಣೆಯಲ್ಲಿ ಕೂತು ಕೇಳಿ ಕೇಳಿ ನಗುತ್ತಿದ್ದೆವು.

೨೦೦೩ರ ಕಾಫಿ ಕೊಯ್ಲಿನಲ್ಲಿ ನಗು ನಿಂತಿತು. ನಮ್ಮ ಕೊಪ್ಪ ಸೀಮೆಯ ನಾರ್ವೆ ಎಂಬ ಊರಿನ ಹತ್ತಿರದ ಒಂದು ಕೇರಿಯ ಬಾವಿ ಇದ್ದಕ್ಕಿದ್ದಂತೆ ಕಪ್ಪಾಗಿ ನಾರತೊಡಗಿತು. ಊರಿನ ದೊಡ್ಡವರು ಕೂತು ಕಾರಣ ಕಂಡುಹಿಡಿದರು. ಏನು ಕಾರಣ? ತೋಟದ ಕೂಲಿಯವರ ಸಾಲುಮನೆಯ, ಅಂದರೆ ಲೈನಿನ, ವನಜಮ್ಮ ಆ ಬಾವಿಗೆ ಬಿಂದಿಗೆ ಇಳಿಸಿದರಂತೆ, ಮೈಲಿಗೆಯಾಯಿತಂತೆ! ಲೈನಿನ ಹೆಂಗಸರಿಗೆಲ್ಲ ಬಾವಿ ನಿಷಿದ್ಧವಾಯಿತು. ಭಟ್ಟರು ಬಂದು ಪುಣ್ಯಾಹ ಮಾಡಿದರು, ನಾತ ಹೋಗಲಿಲ್ಲ. ಮತ್ತೊಮ್ಮೆ ಮಾಡಿದರು, ಹೆಚ್ಚಾಯಿತು. ಕೊನೆಗೆ ಆ ಭಟ್ಟರೇ, ಇದು ನನ್ನ ಕೈಯಲ್ಲಿ ಹೋಗುವ ಮೈಲಿಗೆಯಲ್ಲ, ನೀವೊಮ್ಮೆ ನೋಡಿ ತಾಯಿ ಎಂದು ಮೇಡಂ ಬಳಿಗೆ ಬಂದರು. ಅವರ ಪ್ರಾಮಾಣಿಕತೆಗೆ ನನ್ನ ನಮಸ್ಕಾರವಿರಲಿ.

ಬಾವಿಯ ಮೇಲಿನ ಗುಡ್ಡ ಶ್ರೀ ಗಜಾನನರ ಕಾಫಿ ತೋಟ. ಅವರು ಕಾಲೇಜಿನ ಆಡಳಿತ ಮಂಡಳಿಯ ಸದಸ್ಯರು. ತೋಟದಲ್ಲಿ ಇಂಗುಗುಂಡಿ ತೋಡಿಸಿ, ಮಳೆನೀರು ಇಂಗಿಸುವ ಮಹನೀಯರೆಂದು ಹಾರ ಹಾಕಿಸಿಕೊಂಡವರು. ಮಳೆಗಾಲದಲ್ಲಿ ಗುಂಡಿಗೆ ಮಳೆನೀರು ಹೋಗುತ್ತಿತ್ತು, ಸುಳ್ಳಲ್ಲ. ಕೊಯ್ಲಿನಲ್ಲಿ ಅದೇ ಗುಂಡಿಗೆ ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪರ್ ಮೆಷಿನ್ನಿನ ಕೊಳೆನೀರು ಬೀಳುತ್ತಿತ್ತು. ಗುಂಡಿಯ ಅಡಿಯಲ್ಲಿ ತೂತುತೂತಿನ ಜಂಬಿಟ್ಟಿಗೆ ಕಲ್ಲು. ಅದು ಸೋಸುವುದಿಲ್ಲ, ದಾರಿ ಬಿಡುತ್ತದೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಇದು ಅದೇ.

ಮೇಡಂ ಕದ್ದುಮುಚ್ಚಿ ಏನನ್ನೂ ಮಾಡಲಿಲ್ಲ. ನೀರಿನ ದಾರಿ ಹಿಡಿಯಲು ಬಳಸುವ, ಆರೋಗ್ಯಕ್ಕೆ ತೊಂದರೆಯಿಲ್ಲದ ಹಸಿರು ಬಣ್ಣವನ್ನು ತರಿಸಿ, ಗುಂಡಿಗೆ ಹಾಕಲೇ ಎಂದು ಊರೆದುರಿಗೆ ಗಜಾನನರನ್ನೇ ಕೇಳಿದರು.

"ಹಾಕಿ ಮೇಡಂ, ನಂದೇನು ಅಡ್ಡಿ? ಇಷ್ಟು ದೂರದ ನೆಲ ಸೋಸದೆ ಬಿಡ್ತದಾ?" ಎಂದರು ಅವರು.

ಮೊದಲ ವಾರ ಏನೂ ಕಾಣಲಿಲ್ಲ. ಗಜಾನನರು ಸ್ಟಾಫ್ ರೂಮಿಗೇ ಬಂದು, ನಿವೃತ್ತಿಗೆ ಇನ್ನೂ ವರ್ಷಗಳಿವೆಯಲ್ಲ ಮೇಡಂ, ಪಾಠ ಮಾಡಿಕೊಂಡು ಸುಖವಾಗಿರಬಾರದೇ ಎಂದು ನಯವಾಗಿ ಹೆದರಿಸಿ ಹೋದರು. ನನ್ನ ಮೈ ಉರಿದುಹೋಯಿತು. ಮೇಡಂ ಉತ್ತರಪತ್ರಿಕೆ ತಿದ್ದುತ್ತಲೇ ಇದ್ದರು.

ಎರಡನೆಯ ವಾರ ಕೇರಿಯಿಂದ ಕರೆ ಬಂತು. ನಾನೂ ಹೋದೆ. ಮೇಡಂ ಎಲ್ಲರೆದುರು ವನಜಮ್ಮನ ಕೈಗೇ ಹಗ್ಗ ಕೊಟ್ಟು ನೀರು ಸೇದಲು ಹೇಳಿದರು. ಯಾರೋ ಗೊಣಗಿದರು, ಮೇಡಂ ತಿರುಗಿ ನೋಡಿದ ಮೇಲೆ ಹಿಂದೆ ಸರಿದರು. ಮೇಲೆ ಬಂದ ನೀರು ಎಳೆಯ ಬಾಳೆಸುಳಿಯಷ್ಟು ಹಸಿರು. ವನಜಮ್ಮ ಬಿಂದಿಗೆಯನ್ನು ಕಟ್ಟೆಯ ಮೇಲಿಟ್ಟು, ಊರಿನವರ ಕಡೆಗಲ್ಲ, ಮೇಡಂ ಕಡೆಗೆ ನೋಡಿ ಕೇಳಿದರು: "ಈ ಬಣ್ಣ ನನ್ ಬಿಂದಿಗೇಲಿತ್ತಾ ಅಮ್ಮ?"

ಗುಂಡಿ ಮುಚ್ಚಿತು. ಕೊಳೆನೀರಿಗೆ ಬೇರೆ ತೊಟ್ಟಿ ಕಟ್ಟುವವರೆಗೂ ಮೇಡಂ ಬೆನ್ನು ಬಿಡಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಬಾವಿ ತಿಳಿಯಾಯಿತು, ಲೈನಿನ ಹೆಂಗಸರೂ ಸೇದತೊಡಗಿದರು. ಆದರೆ ಇಷ್ಟು ವರ್ಷಗಳಲ್ಲಿ, ತಪ್ಪಾಯಿತು ವನಜಮ್ಮ ಎಂದು ಒಬ್ಬನೇ ಒಬ್ಬ ಗಂಡಸು ಬಾಯಿಬಿಟ್ಟು ಹೇಳಿಲ್ಲ. ಬಾವಿಯ ಕೊಳೆ ಹೋಯಿತು, ನಾಲಿಗೆಯದು ಹೋಗಲಿಲ್ಲ. ನಾಚಿಕೆಯಾಗಬೇಕು ನಮಗೆ.

ಈಗ ಇನ್ನೊಂದು ಸೊಗಸು ಕೇಳಿ. ಈ ಅಭಿನಂದನ ಸಮಿತಿಯ ಅಧ್ಯಕ್ಷರು ಯಾರೆಂದುಕೊಂಡಿರಿ? ಶ್ರೀ ಗಜಾನನರು! ಜಲಸಂರಕ್ಷಣೆಯ ಬಗ್ಗೆ ಅವರದೇ ಭಾಷಣವಂತೆ. ಸನ್ಮಾನಕ್ಕೆ ಏನು ಬೇಕೆಂದು ಸಮಿತಿಯ ಪರವಾಗಿ ನಾನು ಕೇಳಿದಾಗ ಮೇಡಂ ಹೇಳಿದ್ದು ಇಷ್ಟು: "ಶಾಲು ಬೇಡ ಮಾರಾಯ್ರೆ. ವನಜಮ್ಮನ ಹತ್ರ ಅಧ್ಯಕ್ಷರು ಒಂದು ಮಾತು ಹೇಳ್ಲಿ, ಸಾಕು."

ಆ ಮಾತನ್ನು ಇಲ್ಲಿ ಅಚ್ಚಿಗೆ ಕೊಟ್ಟಿದ್ದೇನೆ. ಸಂಪಾದಕರು ತೆಗೆದರೆ ಮೈಕಿನಲ್ಲಿ ಓದುತ್ತೇನೆ. ಮೇಡಂಗೆ ಶಾರದೆ ನೂರು ವರ್ಷದ ಗಟ್ಟಿ ಆಯುಸ್ಸು ಕೊಡಲಿ. ಮೂರೂ ತಾಲ್ಲೂಕಿನ ಬಾವಿಗಳಿಗೆ ಅವರು ಇನ್ನೂ ಬಹುಕಾಲ ಬಗ್ಗಿ ನೋಡುತ್ತಿರಲಿ. ಸಮಾರಂಭದ ದಿನ ವೇದಿಕೆಗೆ ಬಾಟಲಿ ನೀರು ತರಿಸಬೇಡಿರೆಂದು ಹೇಳಿಯಾಗಿದೆ. ವನಜಮ್ಮ ಆ ಬಾವಿಯಿಂದಲೇ, ತಮ್ಮ ಬಿಂದಿಗೆಯಲ್ಲೇ ನೀರು ತರಲು ಒಪ್ಪಿದ್ದಾರೆ. ಮೊದಲ ಲೋಟ ಅಧ್ಯಕ್ಷರಿಗೆ.