ಅವ್ವನ ಕಣ್ಣಿನ ಡ್ರಾಪ್ಸ್

ಅವ್ವ ತೀರಿಕೊಂಡ ನಾಲ್ಕನೆಯ ದಿನ ನನ್ನ ಬಲಗಣ್ಣು ನೋಯತೊಡಗಿತು. ಮರಳು ಬಿದ್ದ ಹಾಗೆ. ಬೆಳಕು ಚುಚ್ಚುತ್ತಿತ್ತು. ನೀರು ನಿಲ್ಲುತ್ತಿರಲಿಲ್ಲ.

ಅತ್ತು ಅತ್ತು ಹೀಗಾಗಿದೆ ಎಂದು ಎಲ್ಲರೂ ಅಂದುಕೊಂಡರು. ಆದರೆ ನಾನು ಅತ್ತಿರಲಿಲ್ಲ. ಅಳು ಬಂದಿರಲೇ ಇಲ್ಲ. ಹೊಳೆಯಾಚೆಯಿಂದ ತೋಣಿಯಲ್ಲಿ ಬಂದ ನೆಂಟರು ನನ್ನ ಕೆನ್ನೆ ಒರೆಸುವಾಗ ನಾಚಿಕೆಯಾಗುತ್ತಿತ್ತು.

"ಒಂದೇ ಕಣ್ಣಲ್ಲಿ ಅಳ್ತಾಳಲ್ಲ ಇವಳು," ಎಂದಳು ಅಣ್ಣನ ಹೆಂಡತಿ. "ಇನ್ನೊಂದ ಯಾರಿಗೆ ಇಟ್ಕಂಡಿದ್ದೀಯೆ?"

ಯಾರೋ ನಕ್ಕರು. ನಾನೂ ನಕ್ಕೆ. ನಕ್ಕರೂ ನೋವು.

ನಮ್ಮಲ್ಲಿ ಸಾವಿನ ಮನೆಯವರು ಪುಲೆ, ಅಂದರೆ ಸಾವಿನ ಸೂತಕ, ಕಳೆಯುವ ತನಕ, ಹದಿನಾರು ದಿನ, ಹೊರಗೆ ಹೋಗುವುದಿಲ್ಲ. ಆಸ್ಪತ್ರೆಗೂ ಹೋಗಬಾರದೇ? ಯಾರೂ ಹಾಗೆ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅವ್ವನ ಕಣ್ಣಿನ ಪೊರೆ ತೆಗೆದಾಗ ಕೊಟ್ಟಿದ್ದ ಡ್ರಾಪ್ಸ್ ಕಿಟಕಿಯಲ್ಲಿ ಅರ್ಧ ಉಳಿದಿತ್ತು. ದಿನಕ್ಕೆ ನಾಲ್ಕು ಸಲ ಅವಳ ರೆಪ್ಪೆ ಬಿಡಿಸಿ ಹಾಕುತ್ತಿದ್ದವಳು ನಾನೇ. ಈಗ ಹಾಗೆಯೇ ನನಗೆ ಹಾಕಿಕೊಂಡೆ. ಎರಡು ದಿನ ಕೆಂಪು ಇಳಿಯಿತು. ಅವ್ವನೇ ನೋಡಿಕೊಳ್ಳುತ್ತಿದ್ದಾಳೆ ಅನಿಸಿತು. ಆಮೇಲೆ ನೋವು ಹಣೆಗೆ ಏರಿತು.

ಹನ್ನೊಂದನೆಯ ದಿನ ಬೆಳಿಗ್ಗೆ ಅತ್ತಿಗೆ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ.

"ಪುಲೆ ಗಿಲೆ ಅವ್ವಂಗೆ ನಾನು ಹೇಳ್ಕತೀನಿ. ನಡಿ," ಎಂದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಅಕ್ಕ ಎಂದು ಕರೆಯುತ್ತ ಮಲಯಾಳದಲ್ಲಿ ಕೇಳಿದರು. "ಚೇಚೀ, ಕಣ್ಣಿಗೆ ಏನಾದರೂ ತಾಗಿತ್ತಾ?"

ಆಗ ನೆನಪಾಯಿತು. ಅವ್ವನನ್ನು ಹೂಳುವ ಗುಂಡಿಗೆ ಜಾಗ ಮಾಡಲು ಅಣ್ಣ ಎರಡು ಕಾಫಿ ಗಿಡ ಕಡಿಯುವಾಗ ನಾನು ಕೊಂಬೆ ಬಗ್ಗಿಸಿ ಹಿಡಿದಿದ್ದೆ. ಕೈ ಜಾರಿ ಅದು ಮುಖಕ್ಕೆ ಬೀಸಿತ್ತು. ಆ ದಿನ ಅದು ನೋವೆಂದೇ ಅನಿಸಿರಲಿಲ್ಲ.

"ಮದ್ದು ಏನಾದರೂ?"

"ಏನೂ ಹಾಕಿಲ್ಲ," ಎಂದಳು ಅತ್ತಿಗೆ.

ನಾನು ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ.

ಡಾಕ್ಟರ್ ಲೇಬಲ್ ಓದಿದರು. ಬೈಯಲಿಲ್ಲ. ಕೊಂಬೆಯಿಂದ ಫಂಗಸ್ ಹತ್ತಿ ಕಾರ್ನಿಯಾದಲ್ಲಿ ಅಲ್ಸರ್ ಆಗಿದೆ, ಈ ಡ್ರಾಪ್ಸ್‌ನಲ್ಲಿರುವ ಸ್ಟೀರಾಯ್ಡ್ ಅದನ್ನು ಬೆಳೆಸಿದೆ ಎಂದರು. ಕಣ್ಣು ಹೋಗುತ್ತಾ ಎಂದು ಕೇಳಿದೆ.

"ಮೊದಲು ಕಣ್ಣು ಉಳಿಸೋಣ. ದೃಷ್ಟಿಯ ಮಾತು ಆಮೇಲೆ."

ಅಡ್ಮಿಟ್ ಮಾಡಿದರು. ಗಂಟೆಗೊಮ್ಮೆ ಬೇರೆ ಡ್ರಾಪ್ಸ್. ಹಾಕುತ್ತಿದ್ದವಳು ಅತ್ತಿಗೆ. ಹದಿನಾರನೆಯ ದಿನದ ಕಾರ್ಯ ನಾವಿಬ್ಬರೂ ಇಲ್ಲದೆ ಮುಗಿಯಿತು.

ಅವ್ವನ ಕಣ್ಣು ಉಳಿಸಿದ ಮದ್ದು ನನ್ನ ಕಣ್ಣು ತೆಗೆಯಲು ಹೊರಟಿತ್ತು. ಇದನ್ನು ಮನಸ್ಸಿನಲ್ಲಿ ಎಲ್ಲಿಡಬೇಕೆಂದು ಇನ್ನೂ ಗೊತ್ತಾಗಿಲ್ಲ. ತಪ್ಪು ಅವಳದ್ದಲ್ಲ. ನನ್ನದೆಂದರೂ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅವಳದ್ದೇನಾದರೂ ನನಗೆ ಹತ್ತಿರ ಬೇಕಿತ್ತು, ಅಷ್ಟೇ ಇರಬೇಕು.

ಈಗ ಮೂರು ತಿಂಗಳಾಯಿತು. ನೋವಿಲ್ಲ. ಬಿಳಿ ಕಲೆ ಉಳಿದಿದೆ. ಎಡಗಣ್ಣು ಮುಚ್ಚಿ ರಸ್ತೆ ನೋಡಿದರೆ ಬಸ್ಸು ಬರುವುದು ಕಾಣುತ್ತದೆ, ಬೋರ್ಡು ಕಾಣುವುದಿಲ್ಲ.

ಕೆಲವು ಸಲ ಎಡಗಣ್ಣು ತೆರೆಯದೆಯೇ, ಎಲ್ಲಿಗೆ ಹೋಗುತ್ತದೆಂದು ಪಕ್ಕದವರನ್ನು ಕೇಳಿ ಹತ್ತುತ್ತೇನೆ.